ಒರಟು ಹಲ್ಲಿನ ಬ್ಲೇಡು

ಮಂಗಳವಾರ ಬೆಳಿಗ್ಗೆ ಹತ್ತೂಕಾಲಿಗೆ ಆಸ್ಪತ್ರೆಯಿಂದ ಠಾಣೆಗೆ ಫೋನ್ ಬಂದಿತು. ಕಬ್ಬಿಣ ಕತ್ತರಿಸುವ ಕಾರ್ಖಾನೆಯೊಂದರ ಯಜಮಾನರಿಗೆ ಗರಗಸದ ಬ್ಲೇಡು ತುಂಡಾಗಿ ಬಡಿದಿದೆ, ಬಲಗೈ ಮೊಣಕೈಯಿಂದ ಮುಂಗೈವರೆಗೆ ಸೀಳಿದೆ, ಜೀವಕ್ಕೇನೂ ಅಪಾಯವಿಲ್ಲ ಎಂದು ತಿಳಿಸಿದರು. ದಫೇದಾರ ಅದನ್ನು ಠಾಣಾ ದಿನಚರಿಯಲ್ಲಿ ಬರೆದುಕೊಂಡ. ಯಂತ್ರಗಳ ನಡುವೆ ಕೈಯೋ ಬೆರಳೋ ಹೋಗುವುದು ಆ ಬಡಾವಣೆಗೆ ಹೊಸದಲ್ಲ. ಮಧ್ಯಾಹ್ನ ಯಾರಾದರೂ ಪೇದೆಯನ್ನು ಕಳಿಸಿ ಹೇಳಿಕೆ ತೆಗೆದುಕೊಂಡರಾಯಿತು ಎಂದುಕೊಂಡು ಪೆನ್ನಿನ ಮುಚ್ಚಳ ಹಾಕಿದ.

ಆದರೆ ಅಷ್ಟರಲ್ಲೇ ಯಜಮಾನರ ಮಗಳು ಠಾಣೆಗೆ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು. ನೀಲಿ ಕೆಲಸದ ಅಂಗಿಯ ತೋಳಿನ ಮೇಲೆ ಅಪ್ಪನ ರಕ್ತ ಒಣಗಿ ಕಪ್ಪಾಗಿತ್ತು. ಅಳುತ್ತಿರಲಿಲ್ಲ. ಚೀಲದಿಂದ ಗೇಣುದ್ದದ ಕಬ್ಬಿಣದ ಪೈಪಿನ ತುಂಡನ್ನೂ, ಕಾಗದದಲ್ಲಿ ಸುತ್ತಿದ ಒಂದು ಚೂರನ್ನೂ ತೆಗೆದು ಮೇಜಿನ ಮೇಲಿಟ್ಟಳು. ಚೂರು ಮೆಕ್ಕೆಜೋಳದ ಕಾಳಿನಷ್ಟಿತ್ತು.

“ಈ ಪೈಪನ್ನ ನಿನ್ನೆ ಸಂಜೆ ನಾನು ಕತ್ತರಿಸಿದ್ದು. ಅಂಚು ಮುಟ್ಟಿ ನೋಡಿ, ನುಣ್ಣಗಿದೆ. ಇದು ಅಪ್ಪನಿಗೆ ಬಡಿದ ಬ್ಲೇಡಿನ ಹಲ್ಲು. ಇಷ್ಟು ದೊಡ್ಡ ಹಲ್ಲು ಈ ಪೈಪನ್ನ ಹೀಗೆ ಕತ್ತರಿಸೋಕೆ ಆಗೋದೇ ಇಲ್ಲ ಸಾರ್. ಯಾರೋ ಬ್ಲೇಡ್ ಬದಲಾಯಿಸಿದ್ದಾರೆ.”

ಘಟನೆ ನಡೆದ ಜಾಗದಿಂದ ವಸ್ತು ಎತ್ತಿಕೊಂಡು ಬಂದದ್ದಕ್ಕೆ ದಫೇದಾರ ಗದರಿದ. ಅಲ್ಲೇ ಬಿಟ್ಟಿದ್ದರೆ ಗುಡಿಸಿ ಹಾಕಿಬಿಡುತ್ತಿದ್ದರು, ಅಣ್ಣ ಆಗಲೇ ಪೊರಕೆ ಕೈಗೆತ್ತಿಕೊಂಡಿದ್ದ ಎಂದಳು. ಹೇಳಿದ ಮೇಲೆ ಹೇಳಬಾರದಿತ್ತೇನೋ ಎಂಬಂತೆ ತುಟಿ ಕಚ್ಚಿಕೊಂಡಳು.

ಮಾತು ಕೇಳಿಸಿಕೊಂಡು ಇನ್‌ಸ್ಪೆಕ್ಟರ್ ತಮ್ಮ ಕೋಣೆಯಿಂದ ಹೊರಬಂದರು. ದೊಡ್ಡ ಹಲ್ಲಿನಿಂದ ಯಾಕೆ ಆಗುವುದಿಲ್ಲ ಎಂದು ಅವರಿಗೆ ಅರ್ಥವಾಗಲಿಲ್ಲ. ಮಗಳು ಬಾಚಣಿಗೆ ಕೇಳಿದಳು. ಮೂರು ತಿಂಗಳ ಹಿಂದೆ ಬೇರೆ ಠಾಣೆಯಿಂದ ವರ್ಗವಾಗಿ ಬಂದಿದ್ದ ಮಹಿಳಾ ಪೇದೆ ತನ್ನ ಚೀಲದಿಂದ ಒಂದನ್ನು ಕೊಟ್ಟಳು. ಬಾಚಣಿಗೆಯ ಹಲ್ಲುಗಳ ಮೇಲೆ ಮಗಳು ಒಂದು ಪೆನ್ಸಿಲನ್ನು ಅಡ್ಡಲಾಗಿ ಉಜ್ಜಿದಳು. ಅದು ಸರಾಗವಾಗಿ ಜಾರಿತು. ಆಮೇಲೆ ಒಂದು ಗುಂಡುಸೂಜಿ ಇಟ್ಟಳು. ಅದು ಎರಡು ಹಲ್ಲುಗಳ ಸಂದಿಗೆ ಬಿದ್ದು ಸಿಕ್ಕಿಕೊಂಡಿತು. ಗಟ್ಟಿ ಸರಳಾದರೆ ದೊಡ್ಡ ಹಲ್ಲೇ ಬೇಕು, ಕೊರೆದ ಪುಡಿ ಕೂರಲು ಹಲ್ಲಿನ ನಡುವೆ ಜಾಗ ಬೇಕಲ್ಲ. ಆದರೆ ಪೈಪಿನ ಗೋಡೆ ತೆಳು. ಒಂದೇ ಹೊತ್ತಿಗೆ ಮೂರು ಹಲ್ಲಾದರೂ ಅದರ ಮೇಲೆ ಕೂತಿರಬೇಕು. ಇಲ್ಲದಿದ್ದರೆ ಗೋಡೆ ಹಲ್ಲಿನ ಸಂದಿಗೆ ಸಿಕ್ಕಿ, ಹಲ್ಲು ಮುರಿದು, ಬ್ಲೇಡೇ ಹರಿದುಹೋಗುತ್ತದೆ.

“ಅಂದ್ರೆ ಬ್ಲೇಡ್ ಹಳೇದಾಗಿ ತುಂಡಾಗಿದ್ದಲ್ಲ, ತುಂಡಾಗೋ ಹಾಗೆ ಹಾಕಿದ್ದು,” ಎಂದಳು ಮಹಿಳಾ ಪೇದೆ.

ಇನ್‌ಸ್ಪೆಕ್ಟರ್ ಮೆಚ್ಚಿ ತಲೆಯಾಡಿಸಿದರು. ಅಪರಿಚಿತ ವ್ಯಕ್ತಿಯ ವಿರುದ್ಧ FIR ದಾಖಲಿಸಲು ಹೇಳಿ, ಕ್ಯಾಮೆರಾ ತಗೊಂಡು ಜೀಪು ಹತ್ತುವಂತೆ ಆಕೆಗೆ ಹೇಳಿದರು. ದಫೇದಾರನಿಗೆ, “ನೀವೂ ಬನ್ನಿ,” ಎಂದರು.

ಆ ‘ನೀವೂ’ ದಫೇದಾರನ ಎದೆಗೆ ಮುಳ್ಳಿನಂತೆ ಚುಚ್ಚಿತು. ಇಡೀ ವಿಭಾಗದಲ್ಲಿ ಪಂಚನಾಮೆ ಬರೆಯುವುದರಲ್ಲಿ ಅವನದು ಎತ್ತಿದ ಕೈ. ಈ ಇನ್‌ಸ್ಪೆಕ್ಟರ್ ಬಂದಾಗಿನಿಂದ ಅವರ ಬೆನ್ನ ಹಿಂದೆ ಜೀಪಿನಲ್ಲಿ ಕೂತು ಹೋಗುತ್ತಿದ್ದವನು ಅವನೇ. ಈಗ ಸಣ್ಣಪುಟ್ಟದಕ್ಕೂ ಆಕೆ ಬೇಕು. ಆಕೆಯ ಚುರುಕುತನದ ಮಾತು ಬಂದಾಗಲೆಲ್ಲ ಅವನು ಬಲವಂತಕ್ಕೆ ಮುಗುಳ್ನಗುತ್ತಿದ್ದ. ಮನೆಯಲ್ಲಿ ಹೆಂಡತಿ, “ಯಾಕೆ ಮುಖ ಹೀಗೆ,” ಎಂದರೆ ಬೇಸಿಗೆಯ ಮೇಲೆ ಹಾಕುತ್ತಿದ್ದ.

ಕಾರ್ಖಾನೆ ತಗಡಿನ ಮಾಡಿನ ಉದ್ದನೆಯ ಕಟ್ಟಡ. ಎರಡೂ ಗೋಡೆಗಳಿಗೆ ಸರಳು, ಪೈಪುಗಳ ಅಟ್ಟಣಿಗೆ. ನಡುವೆ, ಬಳೆಯಂಥ ಬ್ಲೇಡು ಎರಡು ಚಕ್ರಗಳ ಮೇಲೆ ಸುತ್ತುವ ಗರಗಸದ ಯಂತ್ರ. ಕೊನೆಯಲ್ಲಿ ಗಾಜಿನ ಕಿಟಕಿಯಿದ್ದ ಸಣ್ಣ ಆಫೀಸು. ಅಲ್ಲಿ ಕೂತರೆ ಯಂತ್ರ ನೇರ ಕಣ್ಣಿಗೆ ಬೀಳುತ್ತಿತ್ತು. ನೆಲದ ಮೇಲಿನ ರಕ್ತಕ್ಕೆ ಯಾರೋ ಮರದ ಹೊಟ್ಟು ಸುರಿದಿದ್ದರು.

ಎದುರಿನ ವೆಲ್ಡಿಂಗ್ ಅಂಗಡಿಯವನನ್ನೂ ಒಬ್ಬ ಲಾರಿ ಚಾಲಕನನ್ನೂ ಪಂಚರನ್ನಾಗಿ ಕರೆಸಿ ದಫೇದಾರ ಪಂಚನಾಮೆ ಬರೆಯತೊಡಗಿದ. ಯಂತ್ರದ ಇಕ್ಕಳದಲ್ಲಿ ಕಾಲುಭಾಗ ಕೊಯ್ದ ತೆಳು ಪೈಪು. ಕೊಯ್ದ ಜಾಗ ನಾಯಿ ಕಚ್ಚಿ ಎಳೆದಂತೆ ಹರಿದಿತ್ತು. ಕೆಳಗಿನ ತಟ್ಟೆಯಲ್ಲಿ ಹಿಂದಿನ ದಿನದ ಸಣ್ಣ ಪುಡಿ, ಅದರ ಮೇಲೆ ಮುರಿದ ದಪ್ಪ ಹಲ್ಲುಗಳು. ಬ್ಲೇಡು ಸುತ್ತುವ ಚಕ್ರದ ಮುಚ್ಚಳಕ್ಕೆ ಎರಡು ಚಿಲಕಗಳಿದ್ದವು. ಒಂದು ಬಾಗಿತ್ತು. ಇನ್ನೊಂದು ಸ್ವಲ್ಪವೂ ಡೊಂಕಾಗಿರಲಿಲ್ಲ, ಅಂದರೆ ಅದನ್ನು ಹಾಕಿಯೇ ಇರಲಿಲ್ಲ. ಎರಡೂ ಬಿಗಿಯಾಗಿದ್ದರೆ ತುಂಡಾದ ಬ್ಲೇಡು ಮುಚ್ಚಳದೊಳಗೇ ಉಳಿಯುತ್ತಿತ್ತು. ಒಂದೇ ಚಿಲಕ ತಡೆಯಲಾರದೆ ಮುಚ್ಚಳ ತೆರೆದುಕೊಂಡು ಬ್ಲೇಡು ಚಾಟಿಯಂತೆ ಹೊರಗೆ ಬೀಸಿತ್ತು.

ಮಗಳ ಹೇಳಿಕೆಯಂತೆ, ಬೆಳಿಗ್ಗೆ ಯಂತ್ರ ಚಾಲೂ ಮಾಡಬೇಕಾಗಿದ್ದವಳು ಅವಳೇ. ಅಷ್ಟರಲ್ಲಿ ಸರಳು ತುಂಬಿದ ಲಾರಿ ಬಂದು ಇಳಿಸಿಕೊಳ್ಳಲು ಹೊರಗೆ ಹೋದಳು. ಕೈಕಟ್ಟಿ ಕೂರಲಾರದ ಅಪ್ಪ ತಾವೇ ಹೋಗಿ ಗುಂಡಿ ಒತ್ತಿದರು.

ಅವಳ ಅಣ್ಣ ಆಫೀಸಿನಲ್ಲಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಾಡಿದ ಮುಖ. ಗಿರಾಕಿಗಳು, ಫೋನು, ಸಾಗಣೆ ಅವನ ಪಾಲು. ದಿನಾ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆಯುವವನೂ ಅವನೇ. ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರಿಸಿದ. ತಂಗಿ ಹಿಂದಿನ ದಿನ ಸರಳು ಕತ್ತರಿಸಿ ಆ ಬ್ಲೇಡನ್ನು ಅಲ್ಲೇ ಮರೆತಿರಬೇಕು, ಈಗ ತಪ್ಪು ಮುಚ್ಚಿಕೊಳ್ಳಲು ಕತೆ ಕಟ್ಟುತ್ತಿದ್ದಾಳೆ ಎಂದ.

“ನೀವು ಯಾವಾಗ ಕೊನೇ ಸಲ ಬ್ಲೇಡ್ ಹಾಕಿದ್ದು?” ದಫೇದಾರ ಕೇಳಿದ.

“ನಾನು ಬ್ಲೇಡ್ ಮುಟ್ಟಿ ವರ್ಷಗಳೇ ಆದ್ವು.” ಅವನು ಕಿಟಕಿಯಾಚೆ ನೋಡಿದ. “ಇಲ್ಲಿ ಬ್ಲೇಡ್ ವಿಷಯ ಯಾರು ಬಂದು ಏನು ಕೇಳಿದ್ರೂ ಅಪ್ಪನದು ಒಂದೇ ಮಾತು. ಮಗಳನ್ನ ಕೇಳಿ. ನಾನು ಪಕ್ಕದಲ್ಲೇ ನಿಂತಿದ್ರೂ ಅಷ್ಟೇ. ಮಗಳನ್ನ ಕೇಳಿ.”

ಆ ಎರಡು ಪದಗಳನ್ನು ಅವನು ಹೇಳಿದ ರೀತಿ ದಫೇದಾರನ ಕಿವಿಯಲ್ಲಿ ಉಳಿಯಿತು. ದಿನಾ ಚಪ್ಪರಿಸಿ ಕಹಿ ಹೆಚ್ಚಿಸಿಕೊಂಡ ಮಾತು ಅದು. ಆ ರುಚಿಯ ಪರಿಚಯ ಅವನಿಗಿತ್ತು.

ಹೊರಡುವ ಮುನ್ನ ಮಹಿಳಾ ಪೇದೆ ತುಂಡಾದ ಬ್ಲೇಡು, ಹಲ್ಲುಗಳು, ಪೈಪು, ಚಿಲಕ ಎಲ್ಲವನ್ನೂ ಚೀಲಕ್ಕೆ ಹಾಕಿ ಅರಗು ಒತ್ತಿದಳು. ಗೋಡೆಯ ಗೂಟಗಳಿಗೆ ಮೂರು ಸುತ್ತಾಗಿ ಮಡಿಸಿದ ಬ್ಲೇಡುಗಳನ್ನು ತೂಗುಹಾಕಿದ್ದರು. ಒಂದೊಂದಕ್ಕೂ ಅದರದರ ಗೂಟ. ಸಣ್ಣ ಹಲ್ಲಿನ ಬ್ಲೇಡಿನ ಗೂಟದಲ್ಲಿ ಬ್ಲೇಡು ಇತ್ತು. ದಫೇದಾರ ಅದನ್ನು ಕಂಡ. ಮಗಳ ಮಾತು ನಿಜವಾದರೆ ಹಿಂದಿನ ಸಂಜೆ ಯಂತ್ರದಲ್ಲಿದ್ದದ್ದು ಅದೇ. ಬಿಚ್ಚಿ ಮಡಿಸಿ ಅಲ್ಲಿ ತೂಗುಹಾಕಿದವನೇ ಅಪರಾಧಿ. ಜಪ್ತಿ ಮಾಡಬೇಕಾದ ಮೊದಲ ವಸ್ತು ಅದು. ಮಹಿಳಾ ಪೇದೆ ಅದರ ಮುಂದೆಯೇ ಹಾದುಹೋದಳು, ಗಮನಿಸಲಿಲ್ಲ.

ದಫೇದಾರ ಬಾಯಿ ತೆರೆದ, ಮುಚ್ಚಿದ. ಸಾಹೇಬರೇ ಕೇಳಲಿ. ಇನ್ನೊಂದು ಬ್ಲೇಡು ಎಲ್ಲಿ ಎಂದು ಆಕೆಯನ್ನೇ ಕೇಳಲಿ. ಅವನು ಪಂಚರ ಸಹಿ ಹಾಕಿಸಿಕೊಂಡು ಜೀಪು ಹತ್ತಿದ. ಕಾರ್ಖಾನೆಯ ಬಾಗಿಲಿಗೆ ಬೀಗ ಹಾಕಿ ಒಬ್ಬ ಪೇದೆಯನ್ನು ಕಾವಲಿಗೆ ಬಿಟ್ಟರು.

ಸಂಜೆ ಆಸ್ಪತ್ರೆಯಲ್ಲಿ ಯಜಮಾನರು ಹೇಳಿಕೆ ಕೊಟ್ಟರು. ಎಪ್ಪತ್ತರ ಹತ್ತಿರದವರು, ಒಂದು ಕಣ್ಣಿಗೆ ಪೊರೆ. ಬಲಗೈ ಹೆಗಲವರೆಗೆ ಬ್ಯಾಂಡೇಜು. ನರ ಕಡಿದಿದ್ದರಿಂದ ಬೆರಳುಗಳು ಮೊದಲಿನಂತಾಗುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ಇನ್‌ಸ್ಪೆಕ್ಟರ್ ಪ್ರಶ್ನೆ ಮುಗಿಸುವ ಮೊದಲೇ, ತಪ್ಪೆಲ್ಲ ತನ್ನದೇ, ಬೆಳಿಗ್ಗೆ ತಾನೇ ಬ್ಲೇಡು ಬದಲಾಯಿಸಿದ್ದು, ಕಣ್ಣು ಸರಿಯಾಗಿ ಕಾಣದೆ ಹೆಚ್ಚುಕಮ್ಮಿಯಾಯಿತು, ಕೇಸು ಬೇಡ ಎಂದುಬಿಟ್ಟರು.

“ಬಿಚ್ಚಿದ ಬ್ಲೇಡನ್ನ ಏನು ಮಾಡಿದ್ರಿ?” ಎಂದು ದಫೇದಾರ ಕೇಳಿದ.

“ಅಲ್ಲೇ ನೆಲದ ಮೇಲೆ ಹಾಕಿದೆ.”

ನೆಲದ ಮೇಲೆ ಯಾವ ಬ್ಲೇಡೂ ಇರಲಿಲ್ಲ. ಮುದುಕರು ಯಾರನ್ನೋ ಉಳಿಸಲು ಸುಳ್ಳು ಹೇಳುತ್ತಿದ್ದರು. ಯಾರನ್ನು ಎಂಬುದೂ ಮುಂದಿನ ಮಾತಿನಲ್ಲೇ ತಿಳಿಯಿತು. ಗುಂಡಿ ಒತ್ತುವ ಮೊದಲು ಹಲ್ಲು ಮುಟ್ಟಿ ನೋಡಲಿಲ್ಲವೇ ಎಂದು ಕೇಳಿದಾಗ ಅವರು, “ಮಗಳು ಹಾಕಿದ್ದಲ್ವಾ, ನೋಡೋ ಅಗತ್ಯ ಏನು,” ಎಂದರು. ಹೇಳಿದ ಮೇಲೆ ತಾವೇ ಸಿಕ್ಕಿಬಿದ್ದದ್ದು ತಿಳಿದು ಗೋಡೆಯ ಕಡೆ ತಿರುಗಿ ಮಲಗಿದರು.

ಹೊರಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಗಂಭೀರವಾದರು. ಅಪ್ಪನೇ ಮಗಳ ತಪ್ಪೆಂದು ನಂಬಿದ್ದಾನೆ, ಅಣ್ಣನೂ ಹಾಗೇ ಹೇಳುತ್ತಿದ್ದಾನೆ. ಬೇರೆ ಸಾಕ್ಷ್ಯ ಸಿಗದಿದ್ದರೆ ದೂರು ಕೊಟ್ಟವಳ ಮೇಲೆಯೇ ನಿರ್ಲಕ್ಷ್ಯದ ಕೇಸು ಹಾಕಬೇಕಾಗುತ್ತದೆ ಎಂದರು. ಬೆರಳಚ್ಚಿನವರು ಆಗಲೇ ಕೈ ಚೆಲ್ಲಿದ್ದರು; ಬ್ಲೇಡು ಕಾಯದಂತೆ ಸುರಿಯುವ ಎಣ್ಣೆ ಯಂತ್ರದ ಮೈಯೆಲ್ಲ ಹರಿದಿತ್ತು.

ಸಣ್ಣ ಹಲ್ಲಿನ ಬ್ಲೇಡಿನ ಬಗ್ಗೆ ಅವರು ಯಾರನ್ನೂ ಕೇಳಲಿಲ್ಲ. ಅದು ಅವರಿಗೂ ಹೊಳೆದಿರಲಿಲ್ಲ. ಮಹಿಳಾ ಪೇದೆ ಬೈಸಿಕೊಳ್ಳುವುದನ್ನು ನೋಡಲು ಕಾದಿದ್ದ ದಫೇದಾರ ರಾತ್ರಿ ಅರ್ಧ ಊಟಕ್ಕೇ ಎದ್ದ. ಗೂಟಕ್ಕೆ ತೂಗುಬಿದ್ದ ಬ್ಲೇಡಿಗಿಂತ, ನೀಲಿ ಅಂಗಿಯ ತೋಳಿನ ಮೇಲಿನ ಕಲೆಯೇ ಕಣ್ಣಮುಂದೆ ಬರುತ್ತಿತ್ತು. ತನ್ನ ಹೊಟ್ಟೆಕಿಚ್ಚಿಗೆ ಯಾವ ಸಂಬಂಧವೂ ಇಲ್ಲದ ಒಬ್ಬ ಹೆಣ್ಣುಮಗಳು ಕಟಕಟೆ ಹತ್ತಬೇಕೇ?

ಬುಧವಾರ ಬೆಳಿಗ್ಗೆ ಠಾಣೆಗೆ ಬಂದವನೇ ಮಹಿಳಾ ಪೇದೆಯನ್ನು ಪಕ್ಕಕ್ಕೆ ಕರೆದ. “ಸಣ್ಣ ಹಲ್ಲಿನ ಬ್ಲೇಡ್ ಗೂಟದಲ್ಲೇ ಇದೆ. ನಿನ್ನೆ ನೋಡಿದ್ದೆ. ಹೇಳಲಿಲ್ಲ.”

ಆಕೆ ಅವನ ಮುಖವನ್ನು ಕ್ಷಣ ಹೊತ್ತು ನೋಡಿದಳು. ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. “ನಾನು ನೋಡ್ಬೇಕಿತ್ತು,” ಎಂದು ಹೇಳಿ ಟೋಪಿ ತೆಗೆದುಕೊಂಡಳು. ಕೇಳಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಇನ್‌ಸ್ಪೆಕ್ಟರರ ಅನುಮತಿ ಪಡೆದು ಇಬ್ಬರೂ ಕಾರ್ಖಾನೆಗೆ ಹೋದರು. ಅದೇ ಪಂಚರನ್ನು ಕರೆಸಿ ಬೀಗ ತೆಗೆಸಿದರು. ದಫೇದಾರ ಗೂಟದಿಂದ ಬ್ಲೇಡನ್ನು ಇಳಿಸಿ ಬೆಳಕಿಗೆ ಹಿಡಿದ. ಮೂರು ಸುತ್ತು, ಎರಡು ಕಡೆ ತಂತಿ ಕಟ್ಟು. ಹಲ್ಲಿನ ಸಂದಿಯಲ್ಲಿ ಇನ್ನೂ ಎಣ್ಣೆಯ ಪಸೆ ಇತ್ತು. ಇತ್ತೀಚೆಗೆ ಕೆಲಸ ಮಾಡಿದ ಬ್ಲೇಡೇ ಹೌದು. ಆದರೆ ಅದನ್ನು ಬಿಚ್ಚಿದವರು ಯಾರು ಎಂದು ಹೇಗೆ ತಿಳಿಯುವುದು?

ಮಹಿಳಾ ಪೇದೆ ಉಳಿದ ಗೂಟಗಳ ಬ್ಲೇಡುಗಳನ್ನು ಒಂದೊಂದಾಗಿ ನೋಡುತ್ತ ಹೋದಳು. ಕೊನೆಯದರ ಹತ್ತಿರ ನಿಂತು, “ದಫೇದಾರ್ರೇ, ತಂತಿ ನೋಡಿ,” ಎಂದಳು.

ಬೇರೆಲ್ಲ ಬ್ಲೇಡುಗಳ ತಂತಿಯನ್ನು ಬಲಕ್ಕೆ ತಿರುಚಿ ಬಿಗಿದಿದ್ದರು. ಸಣ್ಣ ಹಲ್ಲಿನದರ ತಂತಿಯನ್ನು ಎಡಕ್ಕೆ ತಿರುಚಿದ್ದರು. ದಫೇದಾರನಿಗೆ ಹಿಂದಿನ ದಿನ ಆಫೀಸಿನಲ್ಲಿ ಹೇಳಿಕೆಗೆ ಸಹಿ ಹಾಕಿದ ಕೈ ನೆನಪಾಯಿತು. ಅಣ್ಣ ಎಡಚ.

ಅಷ್ಟಕ್ಕೇ ಯಾರನ್ನೂ ಬಂಧಿಸಲಾಗದು. ಲೋಕದಲ್ಲಿ ಎಡಚರು ಬೇಕಾದಷ್ಟು ಜನ ಇದ್ದಾರೆ, ತಾನು ಬ್ಲೇಡು ಮುಟ್ಟುವುದೇ ಇಲ್ಲ ಎಂದು ಅವನು ಹೇಳಿಯೂ ಆಗಿತ್ತು. ನೇರವಾಗಿ ಕೇಳಿದರೆ ಎಚ್ಚರವಾಗುತ್ತಾನೆ. ದಫೇದಾರ ಹೊರಗಿನ ಕಟ್ಟೆಯ ಮೇಲೆ ಕೂತು ಯೋಚಿಸಿದ. ನನ್ನ ಎದುರಿಗೇ ಸಾಹೇಬರು ಪಂಚನಾಮೆ ಬರೆಯಲು ಆಕೆಗೆ ಹೇಳಿದರೆ, ಆಕೆ ಎರಡು ಸಾಲು ತಪ್ಪು ಬರೆದರೆ, ನಾನು ಸುಮ್ಮನಿರುತ್ತೇನೆಯೇ? ಪೆನ್ನು ಕಿತ್ತುಕೊಳ್ಳುತ್ತೇನೆ. ಕೆಲಸ ಕೆಟ್ಟರೂ ಸರಿ, ಕೈ ತಡೆಯದು. ಅವನು ಎದ್ದು ಇನ್‌ಸ್ಪೆಕ್ಟರಿಗೆ ಫೋನ್ ಮಾಡಿದ.

ಹನ್ನೆರಡರ ಹೊತ್ತಿಗೆ ಅಣ್ಣ ತಂಗಿ ಇಬ್ಬರನ್ನೂ ಕಾರ್ಖಾನೆಗೆ ಕರೆಸಿದರು. ಇನ್‌ಸ್ಪೆಕ್ಟರ್ ಯಂತ್ರದ ಪಕ್ಕ ನಿಂತಿದ್ದರು. ಪರೀಕ್ಷೆಗೆ ಕಳಿಸಲೆಂದು ಅಟ್ಟಣಿಗೆಯಿಂದ ಒಂದು ಹೊಸ ಬ್ಲೇಡನ್ನು ಬಿಚ್ಚಿ ಇಟ್ಟಿದ್ದರು. ಆಳೆತ್ತರದ ಉಕ್ಕಿನ ಬಳೆಯಂತೆ ಅದು ನೆಲದ ಮೇಲೆ ಕುಣಿಯುತ್ತಿತ್ತು.

“ಇದು ಚೀಲಕ್ಕೆ ಹಿಡಿಯೋದಿಲ್ಲ,” ಎಂದು ದಫೇದಾರ ಮಗಳ ಕಡೆ ತಿರುಗಿದ. “ನೀನು ಮಡಿಸಿ ಕೊಡಮ್ಮ. ಇಲ್ಲಿ ಇದೆಲ್ಲ ಗೊತ್ತಿರೋದು ನಿನಗೊಬ್ಬಳಿಗೇ ಅಂತೆ.”

ಮಗಳು ಮುಂದೆ ಬಂದಳು. ರಾತ್ರಿಯೆಲ್ಲ ಕಣ್ಣು ಮುಚ್ಚಿರಲಿಲ್ಲ. ಬ್ಲೇಡನ್ನು ಕಾಲಿನಿಂದ ಮೆಟ್ಟಿ ಮೇಲಿನ ಅಂಚನ್ನು ಹಿಡಿದು ತಿರುಚಿದಳು. ಅದು ಜಾರಿ ಚಟ್ಟನೆ ಬಿಚ್ಚಿಕೊಂಡಿತು. ಮತ್ತೆ ಮೆಟ್ಟಿದಳು.

“ಕಾಲಲ್ಲಿ ಮೆಟ್ಟಬಾರದು,” ಎಂದ ಅಣ್ಣ. ಯಾರೂ ಅವನ ಕಡೆ ನೋಡಲಿಲ್ಲ.

ಎರಡನೆಯ ಸಲವೂ ಜಾರಿತು. ದಫೇದಾರ, “ನಿಧಾನ ಮಾಡಮ್ಮ, ನಿನ್ನಷ್ಟು ಚೆನ್ನಾಗಿ ಬರೋರು ಇಲ್ಲ ಅಂದ್ರಲ್ಲ ನಿಮ್ಮಪ್ಪ,” ಎಂದ.

“ಕೊಡಿಲ್ಲಿ.” ಅಣ್ಣ ಹೆಜ್ಜೆ ಮುಂದಿಟ್ಟು ತಂಗಿಯ ಕೈಯಿಂದ ಬ್ಲೇಡನ್ನು ಕಸಿದುಕೊಂಡ. ಬಿಳಿ ಅಂಗಿಯ ತೋಳು ಮಡಿಸಲೂ ಕಾಯಲಿಲ್ಲ. ಎರಡೂ ಕೈ ಚಾಚಿ ಬಳೆಯನ್ನು ಎದೆಮಟ್ಟಕ್ಕೆ ಹಿಡಿದು ಮಣಿಕಟ್ಟು ಒಳಕ್ಕೆ ತಿರುಗಿಸಿದ. ಬ್ಲೇಡು ತನ್ನಷ್ಟಕ್ಕೆ ಮಡಿಸಿಕೊಂಡು ಮೂರು ಸುತ್ತಾಗಿ ಅವನ ಕೈಯೊಳಗೆ ಬಿತ್ತು. ಸದ್ದೇ ಆಗಲಿಲ್ಲ. ಮೊಳೆಗೆ ನೇತುಹಾಕಿದ್ದ ತಂತಿಯಿಂದ ಒಂದು ಎಳೆ ಎಳೆದುಕೊಂಡು ಎಡಗೈಯಿಂದ ಎರಡು ಸಲ ತಿರುಚಿ, ಎದುರು ಬದಿಯಲ್ಲೂ ಹಾಗೇ ಬಿಗಿದ. ಆಮೇಲೆ ತಲೆಯೆತ್ತಿದ. ಮುಖದಲ್ಲಿ ಎಳೆಯ ಹುಡುಗನ ಹೆಮ್ಮೆಯಿತ್ತು.

ದಫೇದಾರ ಆ ಬ್ಲೇಡನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟ. ಪಕ್ಕದಲ್ಲಿ ಗೂಟದಿಂದ ಇಳಿಸಿದ್ದನ್ನು ಇಟ್ಟ. ಪಂಚರಿಬ್ಬರೂ ಬಗ್ಗಿ ನೋಡಿದರು. ಮಡಿಕೆ ಅದೇ, ತಂತಿ ಕಟ್ಟಿದ ಜಾಗ ಅದೇ, ಎಡಕ್ಕೆ ಎರಡು ತಿರುಚೂ ಅದೇ.

“ಬ್ಲೇಡ್ ಮುಟ್ಟಿ ವರ್ಷಗಳಾದ್ವು ಅಂದ್ರಿ,” ಎಂದರು ಇನ್‌ಸ್ಪೆಕ್ಟರ್.

ಅಣ್ಣ ಮೇಜಿನ ಅಂಚು ಹಿಡಿದುಕೊಂಡ. ತಂಗಿ ಎರಡು ಬ್ಲೇಡುಗಳನ್ನೂ ನೋಡಿ, ಅವನನ್ನು ನೋಡಿ, “ಅಣ್ಣಾ,” ಎಂದಳು. ಅಷ್ಟೇ.

ಮಧ್ಯಾಹ್ನ ಒಂದು ಗಂಟೆಗೆ ಅವನನ್ನು ಬಂಧಿಸಿದ್ದಾಗಿ ಬರೆದು, ಕಾರಣ ತಿಳಿಸಿ, ತಂಗಿಯ ಸಹಿ ಪಡೆದರು. ಸಹಿ ಹಾಕುವಾಗ ಅವಳು ಮೊದಲ ಸಲ ಅತ್ತಳು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ಮಂಗಳವಾರ ಬಾಗಿಲು ತೆಗೆದವನೇ ತಂಗಿ ಬರುವ ಮೊದಲು ಸಣ್ಣ ಹಲ್ಲಿನದನ್ನು ಬಿಚ್ಚಿ ಒರಟು ಹಲ್ಲಿನದನ್ನು ಏರಿಸಿದ್ದ. ಹೊರಗೆ ಹೆಜ್ಜೆ ಸಪ್ಪಳ ಕೇಳಿ ಎರಡನೆಯ ಚಿಲಕ ಹಾಕದೆ ಆಫೀಸಿಗೆ ಓಡಿದ್ದ. ಹಲ್ಲು ಮುರಿಯಬೇಕು, ಪೈಪುಗಳು ಹಾಳಾಗಬೇಕು, ಎಲ್ಲರೆದುರು ಅವಳು ತಲೆ ತಗ್ಗಿಸಬೇಕು, ಅದಕ್ಕಿಂತ ಹೆಚ್ಚಿನದೇನೂ ತನ್ನ ಮನಸ್ಸಿನಲ್ಲಿರಲಿಲ್ಲ ಎಂದ. ಚಿಕ್ಕಂದಿನಲ್ಲಿ ಆ ಕಸುಬನ್ನು ಮೊದಲು ಕಲಿತವನು ಅವನು. ಕಾಲೇಜು ಬಿಟ್ಟು ಬಂದ ತಂಗಿ ಎರಡೇ ವರ್ಷದಲ್ಲಿ ಅಪ್ಪನ ಪಕ್ಕದ ಜಾಗ ಹಿಡಿದಳು. ಇವನನ್ನು, ಮಾತು ಚೆನ್ನಾಗಿ ಬರುತ್ತದೆಂದು, ಗಾಜಿನ ಕೋಣೆಯೊಳಗೆ ಕೂರಿಸಿದರು.

ಬರೆದುಕೊಳ್ಳುತ್ತಿದ್ದ ದಫೇದಾರ ಕೇಳಿದ. “ನಿಮ್ಮಪ್ಪ ಯಂತ್ರದ ಹತ್ತಿರ ಹೋಗಿದ್ದು ಕಿಟಕಿಯಿಂದ ಕಾಣಲಿಲ್ವಾ?”



“ಕಾಣಿಸ್ತು. ಕುರ್ಚಿಯಿಂದ ಎದ್ದೆ. ಕೂಗಿದ್ರೆ ನಾನೇ ಮಾಡಿದ್ದು ಅಂತ ಗೊತ್ತಾಗತ್ತೆ ಅನ್ನಿಸ್ತು. ಏನಾಗಲ್ಲ, ಹಲ್ಲು ಮುರಿಯತ್ತೆ ಅಷ್ಟೇ, ಅಂದ್ಕೊಂಡೆ. ಅಷ್ಟು ಅಂದ್ಕೊಳ್ಳೋದ್ರೊಳಗೆ ಅಪ್ಪ ಗುಂಡಿ ಒತ್ತಿದ್ರು.”

ದಫೇದಾರನ ಪೆನ್ನು ಕಾಗದದ ಮೇಲೆ ನಿಂತಿತು. ಮಹಿಳಾ ಪೇದೆ ಬಾಗಿಲ ಬಳಿ ನಿಂತಿದ್ದಳು. ಅವನು ಆ ಕಡೆ ತಿರುಗಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಬರೆದ. ಉದ್ದೇಶ ಎಂಬಲ್ಲಿ ‘ಅಸೂಯೆ’ ಎಂದು ಒಂದೇ ಪದ ಹಾಕಿದ.

ಗುರುವಾರ ಬೆಳಿಗ್ಗೆ ಹೆಚ್ಚುವರಿ ಹೇಳಿಕೆಗಾಗಿ ಮತ್ತೆ ಆಸ್ಪತ್ರೆಗೆ ಹೋದ. ಯಜಮಾನರಿಗೆ ಆಗಲೇ ಸುದ್ದಿ ತಿಳಿದಿತ್ತು. ಮಗಳು ಮಂಚದ ಕಾಲ ಬಳಿ ಕೂತಿದ್ದಳು. ಮೊದಲ ಹೇಳಿಕೆ ಸುಳ್ಳೆಂದು ಒಪ್ಪಿಕೊಂಡರು. ಮಗನ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಕಣ್ಣು ಮುಚ್ಚಿದರು. ಮಲಗಿದರೇನೋ ಎಂದುಕೊಂಡು ದಫೇದಾರ ಕಾಗದ ಮಡಿಸುತ್ತಿದ್ದಾಗ ಮಾತಾಡಿದರು.

“ಬ್ಲೇಡನ್ನ ಕೈಯಲ್ಲೇ ಮಡಿಸಿದ್ನಂತೆ, ಹೌದಾ?”

“ಹೌದು.”

“ಕಾಲು ಮುಟ್ಟಿಸ್ದೆ?”

“ಮುಟ್ಟಿಸಲಿಲ್ಲ.”

“ನಾನೇ ಹೇಳಿಕೊಟ್ಟಿದ್ದು. ಆಗ ಹನ್ನೆರಡು ವರ್ಷ ಅವನಿಗೆ. ಇವಳಿಗೆ ಇವತ್ತಿಗೂ ಹಾಗೆ ಬರಲ್ಲ. ನನಗೂ ಅಷ್ಟು ಚೆನ್ನಾಗಿ ಬರ್ತಿರಲಿಲ್ಲ.”

“ಅದನ್ನ ಅವನಿಗೆ ಯಾವತ್ತಾದ್ರೂ ಹೇಳಿದ್ರಾ?”

ಮುದುಕರು ದಫೇದಾರನನ್ನು ಅಚ್ಚರಿಯಿಂದ ನೋಡಿದರು. “ಮಗನಿಗೆ ಅದನ್ನೆಲ್ಲ ಏನು ಹೇಳೋದು,” ಎಂದರು.

ಆ ಮಾತು ಪ್ರಕರಣಕ್ಕೆ ಬೇಕಿರಲಿಲ್ಲ. ದಫೇದಾರ ಆದರೂ ಅದನ್ನು ಹೇಳಿಕೆಯ ಕೊನೆಯಲ್ಲಿ ಸೇರಿಸಿ, ಓದಿ ಹೇಳಿ, ಅವರ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡ.